ಉಬ್ಬರವಿಳಿತದ ರಾಜಧಾನಿ: ಥೇಮ್ಸ್ ದಡದಲ್ಲಿ ಕನ್ನಡ ನಾಡಿನ ಗುರುತುಗಳು

ಬೇಸಿಗೆ ಬಂತೆಂದರೆ ನಮ್ಮ ಸದಸ್ಯರ ಮನೆಗಳಿಗೆ ಊರಿನಿಂದ ಹಿರಿಯರು, ಬಂಧುಗಳು ಬರುತ್ತಾರೆ. ಅವರಿಗೆ ಲಂಡನ್ ತೋರಿಸುವ ಕ್ರಮ ಬಹುಮಟ್ಟಿಗೆ ಎಲ್ಲ ಮನೆಗಳಲ್ಲಿಯೂ ಒಂದೇ. ಬಿಗ್ ಬೆನ್ ಗಡಿಯಾರ, ಬಕಿಂಗ್‌ಹ್ಯಾಮ್ ಅರಮನೆ, ಲಂಡನ್ ಐ, ಟವರ್ ಬ್ರಿಜ್ ಎಂದು ಒಂದೊಂದಾಗಿ ಮುಗಿಸಿ, ಛಾಯಾಚಿತ್ರ ತೆಗೆಸಿಕೊಂಡು, ಸಂಜೆಗೆ ಕಾಲು ನೋಯಿಸಿಕೊಂಡು ಮನೆಗೆ ಮರಳುತ್ತೇವೆ. ನೋಡಿದ್ದು ಬಹಳವಾದರೂ ಈ ತಾಣಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ, ಈ ನಗರ ಇಷ್ಟು ದೊಡ್ಡದಾದುದು ಯಾವ ಬಲದಿಂದ, ಅದಕ್ಕೂ ನಾವು ಬಿಟ್ಟುಬಂದ ನಾಡಿಗೂ ಏನು ನಂಟು ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಈ ಪ್ರಶ್ನೆಗಳಿಗೆ ಉತ್ತರವನ್ನು ನದಿಯ ದಾರಿಯಲ್ಲಿ ಹುಡುಕುವುದು ಈ ಲೇಖನದ ಉದ್ದೇಶ.

ನಕ್ಷೆಯಲ್ಲಿ ನೋಡಿದರೆ ಲಂಡನ್ ಕಡಲತೀರದ ಊರಲ್ಲ. ಸಮುದ್ರ ಇಲ್ಲಿಂದ ಹಲವು ಮೈಲಿ ಪೂರ್ವಕ್ಕಿದೆ. ಆದರೆ ಮಂಗಳೂರು, ಕುಂದಾಪುರ, ಹೊನ್ನಾವರದ ಕಡೆಯಿಂದ ಬಂದವರು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ನಿಂತು ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ಥೇಮ್ಸ್ ನದಿಯನ್ನು ನೋಡಿದರೆ ಗುಟ್ಟು ಕೂಡಲೇ ತಿಳಿಯುತ್ತದೆ. ಮಳೆಯೇ ಇಲ್ಲದೆ ನೀರು ಏರುತ್ತದೆ, ತುಸು ಹೊತ್ತಿಗೆ ಇಳಿದು ಕೆಸರಿನ ದಂಡೆ ತೋರುತ್ತದೆ. ಇದು ಅಳಿವೆಯ ನೀರಿನ ಗುಣ. ಕಡಲಿನ ಉಬ್ಬರವು ಲಂಡನ್ ನಗರವನ್ನು ಹಾದು ಪಶ್ಚಿಮದ ಟೆಡ್ಡಿಂಗ್ಟನ್‌ವರೆಗೂ ಬರುತ್ತದೆ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತಗಳ ನಡುವಿನ ಅಂತರ ಎರಡು ಮೀಟರಿನ ಆಸುಪಾಸು. ಲಂಡನ್ ಬ್ರಿಜ್ ಬಳಿ ಅದು ಏಳು ಮೀಟರಿನಷ್ಟಾಗುವುದುಂಟು. ಈ ಏರುವ ನೀರೇ ಲಂಡನ್ನನ್ನು ಕಡಲಿನ ರಾಜಧಾನಿಯನ್ನಾಗಿ ಮಾಡಿತು. ನಮ್ಮ ನಾಡಿನ ಚರಿತ್ರೆಯ ಅನೇಕ ಪುಟಗಳು ಈ ನಗರಕ್ಕೆ ಬಂದು ಸೇರಿದುದೂ ಇದೇ ನೀರಿನ ಮೇಲೆ.

ಸೇತುವೆಯಿಂದ ಹುಟ್ಟಿದ ಊರು

ಕ್ರಿ.ಶ. 47-50ರ ಸುಮಾರಿಗೆ ರೋಮನರು ಇಲ್ಲಿ ಲಂಡೀನಿಯಂ ಎಂಬ ನೆಲೆಯನ್ನು ಕಟ್ಟಿದರು. ಸೇತುವೆ ಕಟ್ಟುವಷ್ಟು ನದಿ ಕಿರಿದಾಗಿರಬೇಕು, ಕಡಲಿನ ಹಡಗು ಉಬ್ಬರದ ಮೇಲೆ ತೇಲಿ ಬರುವಷ್ಟು ಆಳವೂ ಇರಬೇಕು. ಇವೆರಡೂ ಕೂಡಿದ ಸ್ಥಳ ಇಂದಿನ ಲಂಡನ್ ಬ್ರಿಜ್‌ನ ಆಸುಪಾಸು. ಕ್ರಿ.ಶ. 60-61ರಲ್ಲಿ ಬೌಡಿಕಾ ರಾಣಿಯ ದಂಗೆಯಲ್ಲಿ ಊರು ಸುಟ್ಟುಹೋದರೂ ರೋಮನರು ಅಲ್ಲಿಯೇ ಮರಳಿ ಕಟ್ಟಿದರು. ಸುಮಾರು 200ರ ಹೊತ್ತಿಗೆ ಎಬ್ಬಿಸಿದ ಕೋಟೆಗೋಡೆಯ ಎತ್ತರದ ತುಂಡೊಂದು ಟವರ್ ಹಿಲ್ ನಿಲ್ದಾಣದ ಪಕ್ಕದಲ್ಲಿ ಇಂದಿಗೂ ನಿಂತಿದೆ. 1954ರಲ್ಲಿ ಅಗೆತದಲ್ಲಿ ಸಿಕ್ಕ ಮಿಥ್ರಾಸ್ ದೇವರ ಗುಡಿಯ ಅವಶೇಷವನ್ನು ಬ್ಲೂಮ್‌ಬರ್ಗ್ ಕಟ್ಟಡದ ನೆಲಮಾಳಿಗೆಯಲ್ಲಿ ಉಚಿತವಾಗಿ ನೋಡಬಹುದು.

ರೋಮನರ ಕಾಲದಲ್ಲಿಯೇ ನಮ್ಮ ಪಶ್ಚಿಮ ಕರಾವಳಿಯ ಕಾಳುಮೆಣಸು ಈ ದ್ವೀಪಕ್ಕೆ ಬಂದಿತ್ತು. ಸಫೊಕ್ ಪ್ರಾಂತದ ಹಾಕ್ಸ್‌ನ್ ಎಂಬಲ್ಲಿ 1992ರಲ್ಲಿ ಸಿಕ್ಕ ನಿಧಿಯಲ್ಲಿ ಮೆಣಸಿನ ಪುಡಿ ಇಡುವ ನಾಲ್ಕು ಬೆಳ್ಳಿಯ ಭರಣಿಗಳಿದ್ದವು. ಅವುಗಳಲ್ಲೊಂದು ಸ್ತ್ರೀಯೊಬ್ಬಳ ಅರ್ಧವಿಗ್ರಹದ ಆಕಾರದಲ್ಲಿದೆ. ಅವು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಮಲೆನಾಡಿನ ಮನೆಯಂಗಳದಲ್ಲಿ ಮೆಣಸು ಒಣಗಿಸಿದ ನೆನಪಿರುವ ಹಿರಿಯರನ್ನು ಆ ಭರಣಿಯ ಮುಂದೆ ನಿಲ್ಲಿಸಿದರೆ ಬೇರೆ ವಿವರಣೆ ಬೇಕಾಗಲಾರದು.

ಆನಂತರದ ಸಾವಿರ ವರ್ಷಗಳಲ್ಲಿ ಊರು ಎರಡಾಗಿ ಬೆಳೆಯಿತು. ಪೂರ್ವದಲ್ಲಿ ವರ್ತಕರ ‘ಸಿಟಿ’, ಪಶ್ಚಿಮದಲ್ಲಿ ಅರಸರ ಹಾಗೂ ಸಂಸತ್ತಿನ ವೆಸ್ಟ್‌ಮಿನ್‌ಸ್ಟರ್. ವರ್ತಕರ ಊರಿನ ಮೇಲೆ ಕಣ್ಣಿಡಲು, ಕಡಲಿನಿಂದ ಬರುವವರಿಗೆ ತನ್ನ ಬಲ ತೋರಲು ವಿಜೇತ ವಿಲಿಯಂ 1070ರ ದಶಕದಲ್ಲಿ ನದಿಯಂಚಿಗೆ ಬಿಳಿಯ ಗೋಪುರವನ್ನು ಕಟ್ಟಿಸತೊಡಗಿದ. ಇಂದು ನಾವು ಟವರ್ ಆಫ್ ಲಂಡನ್ ಎಂದು ಟಿಕೆಟ್ ಕೊಂಡು ನೋಡುವುದು ಅದನ್ನೇ. ನಾಣ್ಯ ಇಟ್ಟುಕೊಂಡವರು ಒಂದು ಕಡೆ, ಅಧಿಕಾರ ಇಟ್ಟುಕೊಂಡವರು ಇನ್ನೊಂದು ಕಡೆ, ನಡುವೆ ನದಿ. ಈ ಚಿತ್ರ ಮನಸ್ಸಿನಲ್ಲಿದ್ದರೆ ನಗರದ ಮುಂದಿನ ಕಥೆ ಸುಲಭವಾಗಿ ತಿಳಿಯುತ್ತದೆ.

ಲೆಡನ್‌ಹಾಲ್ ಬೀದಿ ಮತ್ತು ಹಡಗುಕಟ್ಟೆಗಳು

1600ನೆಯ ಇಸವಿ ಡಿಸೆಂಬರ್ 31ರಂದು ಎಲಿಜಬೆತ್ ರಾಣಿ ಲಂಡನ್ನಿನ ವರ್ತಕರಿಗೊಂದು ಸನ್ನದು ಕೊಟ್ಟಳು. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು ಹಾಗೆ. ಹದಿನೇಳನೆಯ ಶತಮಾನದಲ್ಲಿಯೇ ಕಾರವಾರದಲ್ಲಿ ಇಂಗ್ಲಿಷರ ಕೋಠಿ ಇತ್ತು; ಮೆಣಸು ಹಾಗೂ ಹುಬ್ಬಳ್ಳಿಯ ಕಡೆಯ ಬಟ್ಟೆ ಅದರ ಮೂಲಕ ಹಡಗು ಏರುತ್ತಿದ್ದವು. ಕಂಪನಿಯ ಮುಖ್ಯ ಕಚೇರಿ ಲೆಡನ್‌ಹಾಲ್ ಬೀದಿಯಲ್ಲಿತ್ತು. ಆ ಕಟ್ಟಡವನ್ನು 1860ರ ದಶಕದ ಆರಂಭದಲ್ಲಿ ಕೆಡವಲಾಯಿತು. ಅಲ್ಲಿ ಈಗ ಕೊಳವೆಗಳನ್ನೆಲ್ಲ ಹೊರಗೇ ಧರಿಸಿದ ಲಾಯ್ಡ್ಸ್ ಕಟ್ಟಡವಿದೆ. ಮೈಸೂರಿನ ಮೇಲೆ ಯುದ್ಧದ ಖರ್ಚುವೆಚ್ಚಗಳ ಲೆಕ್ಕ ಕೇಳುತ್ತಿದ್ದುದು ಈ ಬೀದಿಯಿಂದ ಎಂಬುದನ್ನು ನೆನೆದು ಅಲ್ಲಿ ಐದು ನಿಮಿಷ ನಿಲ್ಲಬಹುದು.

ಹಡಗುಗಳು ಇಳಿತದ ವೇಳೆ ಕೆಸರಿನಲ್ಲಿ ಕೂರುವುದನ್ನೂ ಸರಕಿನ ಕಳ್ಳತನವನ್ನೂ ತಪ್ಪಿಸಲು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಪೂರ್ವ ಲಂಡನ್ನಿನಲ್ಲಿ ಗೋಡೆಯೊಳಗಿನ ಹಡಗುಕಟ್ಟೆಗಳನ್ನು ತೋಡಿದರು. ವೆಸ್ಟ್ ಇಂಡಿಯಾ ಡಾಕ್ಸ್ 1802ರಲ್ಲಿ, ಬ್ಲ್ಯಾಕ್‌ವಾಲ್ ಬಳಿಯ ಈಸ್ಟ್ ಇಂಡಿಯಾ ಡಾಕ್ಸ್ 1806ರಲ್ಲಿ ತೆರೆದವು. ಎರಡನೆಯದು 1967ರಲ್ಲಿ ಮುಚ್ಚಿತು, ಡಿ.ಎಲ್.ಆರ್. ರೈಲಿನ ‘ಈಸ್ಟ್ ಇಂಡಿಯಾ’ ಎಂಬ ನಿಲ್ದಾಣದಲ್ಲಿ ಹೆಸರು ಮಾತ್ರ ಉಳಿದಿದೆ. ವೆಸ್ಟ್ ಇಂಡಿಯಾ ಕಟ್ಟೆಯ ಹಳೆಯ ಸಕ್ಕರೆ ಉಗ್ರಾಣವೊಂದರಲ್ಲಿ ಈಗ ಲಂಡನ್ ಮ್ಯೂಸಿಯಂ ಡಾಕ್‌ಲ್ಯಾಂಡ್ಸ್ ಇದೆ. ಆ ಸಕ್ಕರೆಯ ಹಿಂದೆ ಗುಲಾಮರ ದುಡಿಮೆ ಇತ್ತೆಂಬುದನ್ನು ಆ ಸಂಗ್ರಹಾಲಯ ಮುಚ್ಚಿಡದೆ ಹೇಳುತ್ತದೆ. ಮಕ್ಕಳನ್ನು ಕರೆದೊಯ್ಯಲು ಒಳ್ಳೆಯ ತಾಣ, ಪ್ರವೇಶಕ್ಕೆ ಶುಲ್ಕವಿಲ್ಲ.

ಶ್ರೀರಂಗಪಟ್ಟಣದಿಂದ ಲಂಡನ್ನಿಗೆ

ಕಡಲಿನ ವ್ಯಾಪಾರ ನಮ್ಮ ನಾಡಿನಲ್ಲಿ ಯುದ್ಧವಾಗಿ ಪರಿಣಮಿಸಿದ ಕಥೆಯನ್ನು ಸಿಟಿಯ ನಡುವಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಓದಬಹುದು. 1666ರ ಮಹಾ ಅಗ್ನಿದುರಂತದ ಬಳಿಕ ಕ್ರಿಸ್ಟೊಫರ್ ರೆನ್ ಕಟ್ಟಿದ ಆ ಗುಮ್ಮಟವನ್ನು ನೋಡಲು ಹೋಗುವವರು ಒಳಗಿರುವ ಎರಡು ಸ್ಮಾರಕಗಳನ್ನು ಗಮನಿಸಬೇಕು. ಒಂದು ಕಾರ್ನ್‌ವಾಲಿಸನದು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದ ಮೂಲಕ ಟಿಪ್ಪು ಸುಲ್ತಾನನಿಂದ ರಾಜ್ಯದ ಅರ್ಧಭಾಗವನ್ನೂ 3 ಕೋಟಿ 30 ಲಕ್ಷ ರೂಪಾಯಿಯ ದಂಡವನ್ನೂ ಪಡೆದು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಳಾಗಿ ಒಯ್ದವನು ಈತ. ಇನ್ನೊಂದು ವೆಲಿಂಗ್ಟನ್ನನದು, ಆತನ ಸಮಾಧಿ ನೆಲಮಾಳಿಗೆಯಲ್ಲಿದೆ. ವಾಟರ್‌ಲೂ ಯುದ್ಧದ ವೀರನೆಂದು ಜಗತ್ತು ಬಲ್ಲ ಈ ಆರ್ಥರ್ ವೆಲ್ಲೆಸ್ಲಿ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಕೋಟೆಯ ಆಡಳಿತಾಧಿಕಾರಿಯಾಗಿದ್ದ. ಮರುವರ್ಷ ಧೋಂಡಿಯ ವಾಘನನ್ನು ಬೆನ್ನಟ್ಟಿ ಸೋಲಿಸಿದ. ಅವನ ಹೆಸರನ್ನು ಯೂರೋಪಿಗೆ ಮುಟ್ಟಿಸಿದ ಯುದ್ಧಗಳಿಗೆ ಮೊದಲಿನ ಪಾಠಶಾಲೆ ನಮ್ಮ ನಾಡು.

ಕೋಟೆ ಬಿದ್ದ ದಿನ ಅರಮನೆಯಿಂದ ತೆಗೆದ ವಸ್ತುಗಳು ಸೈನ್ಯದಲ್ಲಿ ಹಂಚಿಹೋದವು. ಅನೇಕವು ಹಡಗು ಏರಿ ಥೇಮ್ಸ್ ನದಿಗೆ ಬಂದವು. ಅವುಗಳಲ್ಲಿ ಪ್ರಸಿದ್ಧವಾದುದು ಟಿಪ್ಪುವಿನ ಹುಲಿ. ಬಿಳಿಯ ಮನುಷ್ಯನ ಮೇಲೆ ಎರಗಿದ ಮರದ ಹುಲಿ. ಅದರ ಒಡಲಲ್ಲಿ ತಿದಿ, ಕೊಳವೆ, ವಾದ್ಯದ ಮನೆಗಳಿವೆ. ಹಿಡಿ ತಿರುವಿದರೆ ಹುಲಿ ಗರ್ಜಿಸುತ್ತದೆ, ಮನುಷ್ಯ ನರಳುತ್ತ ಕೈ ಎತ್ತುತ್ತಾನೆ. 1808ರಿಂದ ಲೆಡನ್‌ಹಾಲ್ ಬೀದಿಯ ಕಂಪನಿಯ ಸಂಗ್ರಹಾಲಯದಲ್ಲಿ ಜನ ಇದನ್ನು ತಿರುವಿ ನೋಡುತ್ತಿದ್ದರು. 1880ರಲ್ಲಿ ಇದು ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನಿಂದ ಮೇಲ್ಛಾವಣಿ ಕುಸಿದು ಚೂರುಚೂರಾದುದನ್ನು ಮತ್ತೆ ಜೋಡಿಸಿದ್ದಾರೆ. ಟಿಪ್ಪು ತನ್ನ ಕನಸುಗಳನ್ನು ಪಾರ್ಸಿ ಭಾಷೆಯಲ್ಲಿ ಸ್ವಹಸ್ತದಿಂದ ಬರೆದಿಟ್ಟ ಪುಸ್ತಕ ಬ್ರಿಟಿಷ್ ಲೈಬ್ರರಿಯಲ್ಲಿದೆ. ಸಿಂಹಾಸನದ ಚಿನ್ನದ ಹುಲಿಮುಖ ಹಾಗೂ ಹುಮಾ ಪಕ್ಷಿ ರಾಜಮನೆತನದ ಸಂಗ್ರಹಕ್ಕೆ ಸೇರಿ ವಿಂಡ್ಸರ್ ಕೋಟೆಯಲ್ಲಿವೆ.

ಆ ಹುಲಿಯ ಮುಂದೆ ನಿಂತಾಗ ಮಕ್ಕಳು ಕೇಳುವುದು ಎರಡು ಪ್ರಶ್ನೆ: ಇದು ಇಲ್ಲಿಗೆ ಹೇಗೆ ಬಂತು? ಟಿಪ್ಪು ಒಳ್ಳೆಯವನೇ, ಕೆಟ್ಟವನೇ? ಮೊದಲನೆಯದಕ್ಕೆ ಉತ್ತರ ನೇರವಾಗಿದೆ: ಯುದ್ಧದಲ್ಲಿ ಗೆದ್ದವರು ಒಯ್ದರು. ಎರಡನೆಯದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಕಂಪನಿಗೆ ತಲೆಬಾಗದೆ ಕೋಟೆಯ ಬಾಗಿಲಲ್ಲಿ ಹೋರಾಡಿ ಮಡಿದವನೆಂದು ನೆನೆಯುವ ಮನೆಗಳು ನಮ್ಮಲ್ಲಿವೆ. ಕೊಡಗಿನಲ್ಲಿ, ಮಂಗಳೂರಿನ ಕ್ರೈಸ್ತರಲ್ಲಿ ಸೆರೆಯ ಹಾಗೂ ಊರು ಬಿಟ್ಟ ದುಃಖದ ನೆನಪು ತಲೆಮಾರುಗಳಿಂದ ಬಂದಿದೆ. ಇಬ್ಬರೂ ಒಂದೇ ಸಂಘದ ಸದಸ್ಯರಾಗಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವರು. ಎರಡು ನೆನಪುಗಳನ್ನೂ ಮಕ್ಕಳಿಗೆ ಹೇಳುವುದು ನಮ್ಮ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಒಂದನ್ನು ಮಾತ್ರ ಕೇಳಿ ಬೆಳೆದ ಮಗು, ಇನ್ನೊಂದನ್ನು ಅಪರಿಚಿತರ ಬಾಯಿಂದ ಕೇಳಿದ ದಿನ ಮನೆಯವರ ಮಾತನ್ನೇ ನಂಬದಂತಾಗುತ್ತದೆ.

ಓಲೆಗರಿ ಓದಿದ ಕನ್ನಡಿಗ

ಯುದ್ಧ ಮುಗಿದ ಮೇಲೆ ಬಂದವರು ಅಳತೆಗಾರರು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಭೂಮಾಪನಕ್ಕೆ ನೇಮಕಗೊಂಡು, ನಕ್ಷೆಯ ಜೊತೆಗೆ ಶಾಸನ, ಕೈಫಿಯತ್ತು, ಓಲೆಗರಿ, ಚಿತ್ರಗಳನ್ನು ಕೂಡಿಹಾಕಿದ. ಮುಂದೆ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಅವನಿಗೆ ಹಳಗನ್ನಡದ ಶಾಸನ ಓದಲು ಬರುತ್ತಿರಲಿಲ್ಲ. ಓದಿಕೊಟ್ಟವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಮೆಕೆಂಜಿಯ ಸಂಗ್ರಹದ ಒಂದು ಭಾಗ ಚೆನ್ನೈಯಲ್ಲಿ ಉಳಿಯಿತು, ಇನ್ನೊಂದು ಭಾಗ ಲಂಡನ್ನಿಗೆ ಬಂದು ಬ್ರಿಟಿಷ್ ಲೈಬ್ರರಿಯಲ್ಲಿದೆ. 1816ರಲ್ಲಿ ಥಾಮಸ್ ಹಿಕಿ ಬರೆದ ಮೆಕೆಂಜಿಯ ಚಿತ್ರವೂ ಅದರ ಸಂಗ್ರಹದ್ದೇ: ಕೆಂಪು ಅಂಗಿಯ ಅಧಿಕಾರಿ, ಅವನ ಸುತ್ತ ಮೂವರು ಭಾರತೀಯರು, ದೂರದ ಬೆಟ್ಟದ ಮೇಲೆ ಗೊಮ್ಮಟ. ಅಧಿಕಾರಿಯ ಹೆಸರು ಸಂಗ್ರಹಕ್ಕೆ ಅಂಟಿತು. ಅಕ್ಷರ ಓದಿದವನ ಹೆಸರನ್ನು ನೆನಪಿಡುವ ಹೊಣೆ ನಮ್ಮದು.

ತೋಟ ಮತ್ತು ಸಂಗೀತ

ಈ ನದಿಯ ದಾರಿಯಲ್ಲಿ ಬಂದದ್ದಷ್ಟೇ ಅಲ್ಲ, ಹೋದದ್ದೂ ಉಂಟು. ಉಬ್ಬರದ ನೀರು ಮುಟ್ಟುವ ಪಶ್ಚಿಮದ ತುದಿಗೆ ಸಮೀಪದಲ್ಲಿ ಕ್ಯೂ ಉದ್ಯಾನವಿದೆ. ಅದರ ಆರಂಭ 1759. ಹೈದರಾಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ತೋಟ ಹಾಕಿಸಿದ್ದು 1760ರಲ್ಲಿ. ಒಂದೇ ವಯಸ್ಸಿನ ಈ ಎರಡು ತೋಟಗಳು ಮುಂದೆ ನಂಟರಾದವು. ಕ್ಯೂನಲ್ಲಿ ಪಳಗಿದ ಜಾನ್ ಕ್ಯಾಮರನ್ 1874ರಲ್ಲಿ ಲಾಲ್‌ಬಾಗಿನ ಮೇಲ್ವಿಚಾರಕನಾಗಿ ಬಂದ. ನಾವು ಸಾಂಬಾರಿಗೆ ಹಾಕುವ ಸೀಮೆಬದನೆಯನ್ನು ಬೆಂಗಳೂರಿಗೆ ತಂದವನೆಂಬ ಖ್ಯಾತಿ ಅವನದು. ಅವನ ನಂತರ ಬಂದ ಕ್ರುಂಬಿಗಲ್ ಕೂಡ ಕ್ಯೂನಲ್ಲಿ ಕೆಲಸ ಮಾಡಿದ್ದವನೇ.

1851ರಲ್ಲಿ ಹೈಡ್ ಪಾರ್ಕಿನಲ್ಲಿ ಮಹಾಪ್ರದರ್ಶನಕ್ಕಾಗಿ ಕಟ್ಟಿದ ಗಾಜಿನ ಅರಮನೆ, ಆಮೇಲೆ ದಕ್ಷಿಣ ಲಂಡನ್ನಿನ ಸಿಡೆನ್‌ಹ್ಯಾಮ್‌ಗೆ ಸ್ಥಳಾಂತರಗೊಂಡು 1936ರಲ್ಲಿ ಸುಟ್ಟುಹೋಯಿತು. ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನದಲ್ಲಿ ಈಗ ಅದರ ಜಗಲಿಮೆಟ್ಟಿಲುಗಳು ಮಾತ್ರ ಇವೆ. ಅದರ ಪ್ರೇರಣೆಯಿಂದ 1889ರಲ್ಲಿ ಅಡಿಪಾಯ ಹಾಕಿದ ಲಾಲ್‌ಬಾಗಿನ ಗಾಜಿನ ಮನೆ ಮಾತ್ರ ಇನ್ನೂ ಫಲಪುಷ್ಪ ಪ್ರದರ್ಶನಕ್ಕೆ ನೆರಳು ಕೊಡುತ್ತಿದೆ.

ಆ ಮಹಾಪ್ರದರ್ಶನದ ಲಾಭದಿಂದ ಕೊಂಡ ದಕ್ಷಿಣ ಕೆನ್ಸಿಂಗ್ಟನ್ ನೆಲದಲ್ಲಿಯೇ ಹುಲಿಯಿರುವ ಸಂಗ್ರಹಾಲಯವೂ ರಾಯಲ್ ಆಲ್ಬರ್ಟ್ ಹಾಲ್ ಎಂಬ ಸಂಗೀತಸಭಾಂಗಣವೂ ಎದ್ದವು. ಈ ಸಭಾಂಗಣಕ್ಕೂ ಮೈಸೂರಿಗೂ ನಂಟಿದೆ. ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಜರ್ಮನಿಯ ರಿಚರ್ಡ್ ಸ್ಟ್ರೌಸ್ ಕೊನೆಗಾಲದಲ್ಲಿ ರಚಿಸಿದ ನಾಲ್ಕು ಗೀತೆಗಳು 1950ರ ಮೇ 22ರಂದು ಇಲ್ಲಿ ಮೊದಲ ಬಾರಿಗೆ ಹಾಡಲ್ಪಟ್ಟುದು ಮಹಾರಾಜರ ಧನಸಹಾಯದಿಂದ. ಅಂದಿನ ಧ್ವನಿಮುದ್ರಣ ಮೈಸೂರಿಗೂ ಹೋಯಿತು. ಟಿಪ್ಪುವಿನ ಹುಲಿಯಿಂದ ಈ ಸಭಾಂಗಣಕ್ಕೆ ಹತ್ತು ನಿಮಿಷದ ನಡಿಗೆ. ಮೈಸೂರಿನಿಂದ ಕಿತ್ತು ತಂದದ್ದನ್ನೂ ಮೈಸೂರು ಮನಸಾರೆ ಕೊಟ್ಟದ್ದನ್ನೂ ಒಂದೇ ಮಧ್ಯಾಹ್ನದಲ್ಲಿ ನೋಡಬಹುದು.

ಬಸವಣ್ಣ ನಿಂತ ದಂಡೆ

ಉಬ್ಬರಕ್ಕೆ ಇನ್ನೊಂದು ಮುಖವೂ ಇತ್ತು. ನಗರದ ಹೊಲಸೆಲ್ಲ ನದಿಗೆ ಬೀಳುತ್ತಿತ್ತು. ಇಳಿತದಲ್ಲಿ ಹೋದ ಹೊಲಸು ಉಬ್ಬರದಲ್ಲಿ ಮರಳಿ ಬರುತ್ತಿತ್ತು. 1858ರ ಬೇಸಿಗೆಯಲ್ಲಿ ದುರ್ವಾಸನೆ ತಡೆಯಲಾರದೆ ಸಂಸತ್ತಿನ ಪರದೆಗಳನ್ನು ಸುಣ್ಣದ ದ್ರಾವಣದಲ್ಲಿ ಅದ್ದಿ ತೂಗುಹಾಕಿದರು. ಭಾರತದ ಆಡಳಿತವನ್ನು ಕಂಪನಿಯ ಕೈಯಿಂದ ರಾಣಿಯ ಹೆಸರಿಗೆ ವರ್ಗಾಯಿಸುವ ಕಾಯ್ದೆ ಆದುದೂ ಅದೇ ಬೇಸಿಗೆಯಲ್ಲಿ. ಅದೇ ವರ್ಷ ಒಪ್ಪಿಗೆ ದೊರೆತ ಒಳಚರಂಡಿಯ ಮಹಾಯೋಜನೆಯನ್ನು ನಡೆಸಿದ ಎಂಜಿನಿಯರ್ ಜೋಸೆಫ್ ಬ್ಯಾಜಲ್‌ಜೆಟ್. ನದಿಯಂಚನ್ನು ಕಲ್ಲಿನಿಂದ ಕಟ್ಟಿ ಎತ್ತರಿಸಿದವನೂ ಅವನೇ.

ಹಾಗೆ 1860ರ ದಶಕದ ಕೊನೆಗೆ ಎದ್ದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ, ಲ್ಯಾಂಬೆತ್ ಬರೋದಲ್ಲಿ, ಬಸವೇಶ್ವರರ ಪ್ರತಿಮೆ ಇದೆ. ಆ ಬರೋದ ಮೇಯರ್ ಆಗಿದ್ದ, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪಿತವಾದ ಇದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ಎದುರು ದಡದಲ್ಲಿ ಸಂಸತ್ತಿನ ಗೋಪುರಗಳು. ಕುಲ, ಕಸುಬು, ಲಿಂಗ ನೋಡದೆ ಎಲ್ಲರನ್ನೂ ಅನುಭವ ಮಂಟಪದಲ್ಲಿ ಕೂರಿಸಿ ಮಾತಾಡಿಸಿದವರಿಗೆ ಇದು ತಕ್ಕ ನೆಲೆ. ಕಾಯಕಕ್ಕೆ ಹಿರಿಮೆ ಕೊಟ್ಟವರ ಪ್ರತಿಮೆ ಚರಂಡಿ ಕಟ್ಟಿದವರ ದುಡಿಮೆಯ ಮೇಲೆ ನಿಂತಿರುವುದೂ ತಕ್ಕುದೇ. ಲಂಡನ್ನಿಗೆ ಯಾರೂ ಹೊತ್ತುತಂದ ವಸ್ತು ಇದಲ್ಲ; ಇಲ್ಲಿ ನೆಲೆಸಿದ ಜನ ನಿಲ್ಲಿಸಿದ್ದು.

ಕಡಲಿನ ಬಾಗಿಲು

ವೆಸ್ಟ್‌ಮಿನ್‌ಸ್ಟರ್ ದೋಣಿಗಟ್ಟೆಯಿಂದ ಗ್ರೀನಿಚ್‌ಗೆ ದೋಣಿ ಹೊರಡುತ್ತದೆ. ಈವರೆಗೆ ಹೇಳಿದ ಸೇತುವೆ, ಗುಮ್ಮಟ, ಕೋಟೆ, ಹಡಗುಕಟ್ಟೆಗಳ ನೆರೆಹೊರೆ ಎಲ್ಲವೂ ದಾರಿಯಲ್ಲಿ ಸಿಗುತ್ತವೆ. ಗ್ರೀನಿಚ್‌ನಲ್ಲಿ 1869ರ ಚಹಾ ಸಾಗಣೆಯ ಹಾಯಿಹಡಗು ಕಟಿ ಸಾರ್ಕ್ ಇದೆ. ಗುಡ್ಡದ ಮೇಲೆ 1675ರಲ್ಲಿ ಸ್ಥಾಪನೆಯಾದ ವೀಕ್ಷಣಾಲಯವಿದೆ. ಕಡಲಿನಲ್ಲಿ ದಾರಿ ತಪ್ಪದಿರಲು ನಕ್ಷತ್ರ ಅಳೆದ ಆ ಮನೆಯ ರೇಖೆಯನ್ನು 1884ರಲ್ಲಿ ಸೊನ್ನೆ ರೇಖಾಂಶವೆಂದು ಒಪ್ಪಿಕೊಳ್ಳಲಾಯಿತು. ಊರಿಗೆ ಫೋನ್ ಮಾಡುವ ಮೊದಲು ನಾವು ಕೂಡುವ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ, ಎಣಿಕೆಯಾಗುವುದು ಅಲ್ಲಿಂದ.

ಇನ್ನೂ ಕೆಳಗೆ, ಥೇಮ್ಸ್ ಬ್ಯಾರಿಯರ್ ಎಂಬ ಉಕ್ಕಿನ ಬಾಗಿಲುಗಳಿವೆ. 1953ರ ಉತ್ತರ ಸಮುದ್ರದ ಪ್ರವಾಹದಲ್ಲಿ ಇಂಗ್ಲೆಂಡಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಯೋಚನೆ ಮೊದಲಾಗಿ, 1984ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಸುಮಾರು 520 ಮೀಟರ್ ಅಗಲದ ನದಿಗೆ ಅಡ್ಡಲಾಗಿ, ಕಡಲು ಉಕ್ಕುವ ಸೂಚನೆ ಬಂದಾಗ ಬಾಗಿಲು ಏಳುತ್ತದೆ. ಈ ನಗರವನ್ನು ಬೆಳೆಸಿದ ಕಡಲಿನಿಂದಲೇ ಅದನ್ನು ಕಾಯಬೇಕಾಗಿದೆ.

ಕೊನೆಗೆ ಕೆಲವು ಉಪಯುಕ್ತ ಮಾತು. ಬ್ರಿಟಿಷ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಡಾಕ್‌ಲ್ಯಾಂಡ್ಸ್ ಸಂಗ್ರಹಾಲಯಗಳ ಶಾಶ್ವತ ಪ್ರದರ್ಶನಕ್ಕೂ ಬ್ರಿಟಿಷ್ ಲೈಬ್ರರಿಯ ನಿಧಿಗಳ ಕೋಣೆಗೂ ಹಣ ಕೊಡಬೇಕಿಲ್ಲ. ಟವರ್, ಸೇಂಟ್ ಪಾಲ್ಸ್, ಕ್ಯೂ, ಕಟಿ ಸಾರ್ಕ್‌ಗೆ ಟಿಕೆಟ್ ಬೇಕು. ವಸ್ತುಗಳನ್ನು ಆಗಾಗ ಸ್ಥಳ ಬದಲಿಸುವುದರಿಂದ, ಹುಲಿ ಅಥವಾ ಕನಸಿನ ಪುಸ್ತಕವನ್ನೇ ನೋಡಬೇಕೆಂದು ಹೊರಡುವವರು ಮೊದಲೇ ವಿಚಾರಿಸುವುದು ಲೇಸು. ಹಿರಿಯರಿದ್ದರೆ ಒಂದು ದಿನಕ್ಕೆ ಎರಡು ತಾಣ ಸಾಕು. ದೋಣಿಯ ಪಯಣವನ್ನು ಮಾತ್ರ ತಪ್ಪಿಸಬೇಡಿ.

ನಮ್ಮಲ್ಲಿ ಹೆಚ್ಚಿನವರು ಬಂದಿಳಿದದ್ದು ಹೀಥ್ರೂ ನಿಲ್ದಾಣದಲ್ಲಿ. ಹಡಗುಕಟ್ಟೆಯ ಕಾಲ ನಮ್ಮದಲ್ಲ. ಆದರೆ ನಾವು ಬರುವುದಕ್ಕೆ ಬಹಳ ಮೊದಲೇ ನಮ್ಮ ಮೆಣಸು, ನಮ್ಮ ಸೋಲು, ನಮ್ಮ ಓಲೆಗರಿ, ನಮ್ಮ ಅರಸರ ಸಂಗೀತಪ್ರೀತಿ ಈ ದಡ ಮುಟ್ಟಿದ್ದವು. ಈ ನಗರದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಇದು ತಿಳಿದಿದ್ದರೆ, ಲಂಡನ್ನಿನ ಚರಿತ್ರೆಯನ್ನು ಅವರು ಹೊರಗಿನವರಂತೆ ಓದಬೇಕಾಗುವುದಿಲ್ಲ. ಮುಂದಿನ ಬೇಸಿಗೆಗೆ ಅಜ್ಜ ಅಜ್ಜಿಯರು ಬಂದಾಗ, ದಾರಿ ತೋರಿಸುವ ಕೆಲಸವನ್ನು ಆ ಮಕ್ಕಳಿಗೇ ಒಪ್ಪಿಸೋಣ.